ಬೆಳಕು ಮುಟ್ಟದೆ ಉಳಿದದ್ದು

ನನ್ನ ಮೇಜಿನ ಎದುರಿನ ಕಿಟಕಿಯ ಗಾಜಿಗೆ ಆರು ಚೌಕಗಳ ಒಂದು ಫಿಲ್ಮ್ ಪಟ್ಟಿಯನ್ನು ಅಂಟಿಸಿ ಎರಡು ವರ್ಷಗಳಾಗುತ್ತ ಬಂದವು. ಮನೆಗೆ ಬಂದವರು ಅದನ್ನು ಬರಿಯ ಕಪ್ಪು ಪಟ್ಟಿ ಎಂದುಕೊಳ್ಳುತ್ತಾರೆ. ಸಂಜೆ ನಾಲ್ಕರ ಬಿಸಿಲು ನೇರವಾಗಿ ಅದರ ಬೆನ್ನಿಗೆ ಬಿದ್ದಾಗ ಮಾತ್ರ ಒಳಗಿನದು ಕಾಣುತ್ತದೆ: ಅಂಗಳದಲ್ಲಿ ಹೂಡಿದ ಒಲೆ, ಅದರ ಮೇಲೆ ಅಡಿಕೆ ಬೇಯುತ್ತಿರುವ ತಾಮ್ರದ ಹಂಡೆ, ಉದ್ದ ಹಿಡಿಯ ಜಾಲರಿ ಸೌಟನ್ನು ಹಿಡಿದು ನಿಂತ ಚಿಕ್ಕಮ್ಮ, ಅವರ ಹಿಂದೆ ಚಾಪೆಯ ಮೇಲೆ ಹರವಿದ ಅಡಿಕೆ. ಇದನ್ನು ರಾತ್ರಿ ತೆಗೆದದ್ದೇ ಎಂದು ಹಲವರು ಕೇಳಿದ್ದಾರೆ. ತೆಗೆದದ್ದು ಬೆಳಿಗ್ಗೆ ಹನ್ನೊಂದು ಗಂಟೆಗೆ, ಜನವರಿಯ ತಿಳಿಬಿಸಿಲಿನಲ್ಲಿ. ಬೆಳಕಿನ ಅಳತೆಯಲ್ಲಿ ತಪ್ಪಿರಲಿಲ್ಲ. ಅದೇ ಅಂಗಳವನ್ನು ಅದೇ ಹೊತ್ತಿನಲ್ಲಿ ಇನ್ನೊಂದು ಕ್ಯಾಮೆರಾದ ಕಪ್ಪುಬಿಳುಪು ಫಿಲ್ಮಿನಲ್ಲಿ ತೆಗೆದ ಚಿತ್ರಗಳು ಚೆನ್ನಾಗಿಯೇ ಬಂದಿವೆ. ತಪ್ಪು ನಡೆದದ್ದು ಆಮೇಲೆ, ಬೆಂಗಳೂರಿನ ನನ್ನ ಮನೆಯ ಸ್ನಾನದ ಕೋಣೆಯಲ್ಲಿ, ಆರೂವರೆ ನಿಮಿಷಗಳ ಅವಧಿಯಲ್ಲಿ. ಆ ಆರೂವರೆ ನಿಮಿಷಗಳಲ್ಲಿ ಟ್ಯಾಂಕಿನೊಳಗೆ ಏನು ನಡೆಯುತ್ತದೆ ಎಂಬುದು ಇಪ್ಪತ್ತು ವರ್ಷ ಕ್ಯಾಮೆರಾ ಹಿಡಿದ ಮೇಲೂ ನನಗೆ ತಿಳಿದಿರಲಿಲ್ಲ ಎನ್ನುವುದನ್ನು ಆ ಪಟ್ಟಿ ದಿನವೂ ನೆನಪಿಸುತ್ತದೆ.

ಕಪ್ಪುಬಿಳುಪು ಫಿಲ್ಮನ್ನು ನಾನು ಮೊದಲಿನಿಂದಲೂ ಮನೆಯಲ್ಲೇ ತೊಳೆದವನು. ಸ್ಲೈಡ್, ಎಂದರೆ ತೊಳೆದಾಗ ನೆಗೆಟಿವ್ ಬದಲು ನೇರವಾಗಿ ಬಣ್ಣದ ಚಿತ್ರವೇ ಉಳಿಯುವ ಫಿಲ್ಮ್, ಮಾತ್ರ ಲ್ಯಾಬಿನ ಕೆಲಸ ಎಂಬುದು ನಮ್ಮ ಗೆಳೆಯರ ಬಳಗದಲ್ಲಿ ಯಾರೂ ಪ್ರಶ್ನಿಸದ ಮಾತಾಗಿತ್ತು. ನಾನು ಕೊಡುತ್ತಿದ್ದ ಲ್ಯಾಬಿನ ಯಜಮಾನರು ಒಂದು ದಿನ ಫೋನ್ ಮಾಡಿ, ನನ್ನ ಎರಡು ರೋಲುಗಳನ್ನು ತೊಳೆಯದೆ ಹಾಗೆಯೇ ಇಟ್ಟಿರುವುದಾಗಿಯೂ ಬಂದು ತೆಗೆದುಕೊಂಡು ಹೋಗಬೇಕೆಂದೂ ಹೇಳಿದರು. ಸ್ಲೈಡ್ ತೊಳೆಯುವ ವಿಧಾನವಾದ ಇ-6ರ ಯಂತ್ರದ ದ್ರಾವಣಗಳು ಸತ್ವ ಕಳೆದುಕೊಳ್ಳದೆ ಇರಬೇಕಾದರೆ ಅದಕ್ಕೆ ದಿನವೂ ರೋಲುಗಳು ಬೀಳುತ್ತಿರಬೇಕು; ಬಿದ್ದ ರೋಲುಗಳ ಲೆಕ್ಕಕ್ಕೆ ತಕ್ಕಷ್ಟು ಹೊಸ ದ್ರಾವಣ ಸೇರುತ್ತ ಹೋಗುತ್ತದೆ. ವಾರಕ್ಕೆ ಮೂರು ರೋಲು ಬರುವ ಕಡೆ ಆ ಲೆಕ್ಕ ನಿಲ್ಲುವುದಿಲ್ಲ. "ನಿಮ್ಮ ರೋಲನ್ನ ಹಾಕೋದಕ್ಕೆ ನನಗೇ ಧೈರ್ಯ ಬರ್ತಿಲ್ಲ ಸಾರ್" ಎಂದರು ಅವರು. ಹಣ ತೆಗೆದುಕೊಂಡು ಕೆಡಿಸಿಕೊಡುವುದಕ್ಕಿಂತ ಕೆಲಸವನ್ನೇ ನಿಲ್ಲಿಸುವುದು ಮೇಲೆಂದು ತಿಳಿದ ಆ ಮನುಷ್ಯರ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಆ ಎರಡು ರೋಲುಗಳಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಮೂಲಮನೆಯ ಅಡಿಕೆ ಕೊಯ್ಲಿನ ಚಿತ್ರಗಳಿದ್ದವು.

ಅಡುಗೆಮನೆಯಲ್ಲಿ ಹುಟ್ಟಿದ ಕೆಲಸ

ಮನೆಯಲ್ಲಿ ಬಣ್ಣದ ಫಿಲ್ಮ್ ತೊಳೆಯುವುದನ್ನು ಹುಚ್ಚು ಸಾಹಸವೆಂದು ಎಣಿಸುವವರು ನೆನಪಿಡಬೇಕಾದ ಸಂಗತಿಯೊಂದಿದೆ. 1935ರಲ್ಲಿ ಮಾರುಕಟ್ಟೆಗೆ ಬಂದ ಕೊಡಾಕ್ರೋಮ್ ಎಂಬ ಬಣ್ಣದ ಫಿಲ್ಮನ್ನು ಕಂಡುಹಿಡಿದ ಲಿಯೊಪೋಲ್ಡ್ ಮ್ಯಾನೆಸ್ ಮತ್ತು ಲಿಯೊಪೋಲ್ಡ್ ಗೊಡೋವ್ಸ್ಕಿ ಇಬ್ಬರೂ ಸಂಗೀತಗಾರರು. ಒಬ್ಬರು ಪಿಯಾನೊ ನುಡಿಸುವವರು, ಇನ್ನೊಬ್ಬರು ಪಿಟೀಲು. ಅವರ ಆರಂಭದ ಪ್ರಯೋಗಗಳು ನಡೆದದ್ದು ಮನೆಯ ಅಡುಗೆಕೋಣೆ ಮತ್ತು ಸ್ನಾನದ ಕೋಣೆಗಳಲ್ಲಿ. ಪೂರ್ಣ ಕತ್ತಲೆಯಲ್ಲಿ ಗಡಿಯಾರ ನೋಡುವಂತಿರಲಿಲ್ಲವಾದ್ದರಿಂದ ಅವರು ಸಿಂಫನಿಯೊಂದರ ಭಾಗವನ್ನು ನಿಗದಿತ ಲಯದಲ್ಲಿ ಶಿಳ್ಳೆ ಹಾಕುತ್ತ ಹೊತ್ತನ್ನು ಅಳೆಯುತ್ತಿದ್ದರಂತೆ. ತಾಳ ಹಾಕುತ್ತ ಕೂತು ಕಛೇರಿ ಕೇಳುವ ನಮ್ಮ ಕಡೆಯವರಿಗೆ ಇದು ವಿಚಿತ್ರವೆನಿಸಲಾರದು.

ಹೀಗೆ ಮನೆಯಲ್ಲಿ ಹುಟ್ಟಿದ ಕೊಡಾಕ್ರೋಮನ್ನು ಮಾತ್ರ ಯಾರೂ ಮನೆಯಲ್ಲಿ ತೊಳೆಯುವಂತಿರಲಿಲ್ಲ. ಬಣ್ಣವಾಗುವ ವಸ್ತು ಅದರ ಫಿಲ್ಮಿನೊಳಗೆ ಇರಲಿಲ್ಲ, ತೊಳೆಯುವ ದ್ರಾವಣಗಳಲ್ಲಿತ್ತು. ಒಂದೊಂದು ಪದರಕ್ಕೂ ಬೇರೆ ಬೇರೆಯಾಗಿ ಬಣ್ಣ ಕೊಡಬೇಕಾಗಿತ್ತು. ಹಾಗಾಗಿಯೇ ಕೊಡಾಕ್ ಅದರ ತಯಾರಿಕೆಯನ್ನು 2009ರಲ್ಲಿ ನಿಲ್ಲಿಸಿದಾಗ ತೊಳೆಯುವ ಕೆಲಸವೂ ಜೊತೆಯಲ್ಲೇ ಮುಗಿಯುವುದು ನಿಶ್ಚಿತವಾಯಿತು. ಕೊನೆಯದಾಗಿ ತಯಾರಾದ ರೋಲನ್ನು ಅಮೆರಿಕದ ಛಾಯಾಗ್ರಾಹಕ ಸ್ಟೀವ್ ಮಕರಿ ಕೇಳಿ ಪಡೆದುಕೊಂಡರು, ಅದರ ಕೆಲವು ಚೌಕಗಳನ್ನು ಭಾರತದಲ್ಲಿಯೂ ತೆಗೆದರು. ಅಮೆರಿಕದ ಕಾನ್ಸಾಸ್ ರಾಜ್ಯದ ಪಾರ್ಸನ್ಸ್ ಎಂಬ ಸಣ್ಣ ಊರಿನಲ್ಲಿ ಉಳಿದಿದ್ದ ಕಟ್ಟಕಡೆಯ ಲ್ಯಾಬು 2010ರ ಡಿಸೆಂಬರ್ 30ರವರೆಗೆ ರೋಲುಗಳನ್ನು ಸ್ವೀಕರಿಸಿತು. ಅದರಿಂದ ಈಚೆಗೆ ತೊಳೆಯದೆ ಉಳಿದ ಕೊಡಾಕ್ರೋಮ್ ರೋಲಿನಿಂದ ಅದರ ಬಣ್ಣಗಳನ್ನು ತೆಗೆಯಲು ಲ್ಯಾಬುಗಳಲ್ಲಿ ದಾರಿಯಿಲ್ಲ. ಎಕ್ಟಾಕ್ರೋಮ್ ಬೇರೆಯ ಜಾತಿ. 1940ರ ದಶಕದಲ್ಲಿ ಬಂದ ಈ ಫಿಲ್ಮಿನಲ್ಲಿ ಬಣ್ಣವಾಗಬಲ್ಲ ವಸ್ತುವನ್ನು ಪದರಗಳೊಳಗೇ ಸೇರಿಸಿಟ್ಟಿದ್ದರು. ಫೋಟೊ ತೆಗೆದವನೇ ತೊಳೆದುಕೊಳ್ಳಬಹುದಿತ್ತು. ಅದರ ವಿಧಾನ ಹಂತಹಂತವಾಗಿ ಬದಲಾಗಿ 1970ರ ದಶಕದಲ್ಲಿ ಇ-6 ಆಯಿತು. ಇಂದು ಸಿಗುವ ಪ್ರೋವಿಯಾ, ವೆಲ್ವಿಯಾ, 2018ರಲ್ಲಿ ಮರಳಿ ಬಂದ ಎಕ್ಟಾಕ್ರೋಮ್ ಎಲ್ಲವನ್ನೂ ತೊಳೆಯುವುದು ಇದರಲ್ಲೇ. ಲ್ಯಾಬಿನಲ್ಲಿ ಆರು ರಾಸಾಯನಿಕ ಹಂತಗಳಿಗಿಂತ ಕಡಿಮೆಯಿರುವುದಿಲ್ಲ. ಮನೆಗೆಂದು ಬರುವ ಕಿಟ್ಟಿನಲ್ಲಿ ಅವನ್ನು ಮೂರಕ್ಕೆ ಇಳಿಸಿರುತ್ತಾರೆ: ಚಿತ್ರವನ್ನು ಮೂಡಿಸುವ ಮೊದಲ ಡೆವಲಪರ್, ಬಣ್ಣದ ಡೆವಲಪರ್, ಬೆಳ್ಳಿಯನ್ನು ತೆಗೆಯುವ ಬ್ಲೀಚ್ ಮತ್ತು ಫಿಕ್ಸರ್ ಎರಡೂ ಕೂಡಿದ ಬ್ಲಿಕ್ಸ್. ಎಲ್ಲವೂ 38 ಡಿಗ್ರಿ ಸೆಲ್ಸಿಯಸ್‌ನಲ್ಲಿ.

ಮೊದಲ ರೋಲು, ಎರಡನೆಯ ರೋಲು

38 ಡಿಗ್ರಿ ಎಂಬುದನ್ನು ಓದಿದಾಗ ನನಗೆ ಧೈರ್ಯವೇ ಬಂದಿತ್ತು. ಕಪ್ಪುಬಿಳುಪಿಗೆ ಬೇಕಾದ 20 ಡಿಗ್ರಿಯನ್ನು ನಮ್ಮ ದೇಶದಲ್ಲಿ ಹೊಂದಿಸುವುದು ಎಷ್ಟು ಕಷ್ಟವೆಂದು ಬೇಸಿಗೆಯಲ್ಲಿ ಫಿಲ್ಮ್ ತೊಳೆದವರಿಗೆಲ್ಲ ಗೊತ್ತು. ಮಂಗಳೂರಿನ ಗೆಳೆಯನೊಬ್ಬ ಡೆವಲಪರ್ ಬಾಟಲಿಯ ಸುತ್ತ ಐಸ್ ಜೋಡಿಸಿಕೊಂಡು ಕೂರುವುದನ್ನು ನೋಡಿದ್ದೇನೆ. 38 ಎಂದರೆ ನಾವು ದಿನವೂ ಮೀಯುವ ನೀರು, ಕೊಂಚ ಜ್ವರ ಬಂದವನ ಮೈ. ಬಕೆಟ್ಟಿನಲ್ಲಿ ಬಿಸಿನೀರು ಬೆರೆಸಿ ಬಾಟಲಿಗಳನ್ನು ನಿಲ್ಲಿಸಿದರೆ ಮುಗಿಯಿತು ಎಂದುಕೊಂಡೆ. ಆ ದಿನ ಬೆಳಿಗ್ಗೆ ಬೆಂಗಳೂರಿನಲ್ಲಿ ಒಳ್ಳೆಯ ಚಳಿಯಿತ್ತು. ಬಾಟಲಿಗಳು 38ಕ್ಕೆ ಬಂದವು, ಥರ್ಮಾಮೀಟರನ್ನು ಎರಡು ಸಲ ನೋಡಿದೆ. ಬೆಳಕು ನುಸುಳದ ಚೇಂಜಿಂಗ್ ಬ್ಯಾಗಿನೊಳಗೆ ಕೈ ತೂರಿಸಿ ಫಿಲ್ಮನ್ನು ಸುರುಳಿಗೆ ಏರಿಸಿ ಟ್ಯಾಂಕಿನ ಮುಚ್ಚಳ ಹಾಕಿದೆ, ಮೊದಲ ಡೆವಲಪರನ್ನು ಸುರಿದೆ, ಕಿಟ್ಟಿನ ಕಾಗದ ಹೇಳಿದಂತೆ ಆರೂವರೆ ನಿಮಿಷ ಟ್ಯಾಂಕನ್ನು ಮಗುಚುತ್ತ ಕುಳಿತೆ. ಟ್ಯಾಂಕು ನೆಲದ ಮೇಲಿತ್ತು, ಬಕೆಟ್ಟಿನ ಬಿಸಿನೀರಿನಲ್ಲಿರಲಿಲ್ಲ. ಸುರಿಯುವ ಮುಂಚೆ ಅದು, ಅದರೊಳಗಿನ ಸುರುಳಿ, ಫಿಲ್ಮ್ ಎಲ್ಲವೂ ಆ ಕೋಣೆಯಷ್ಟೇ ತಣ್ಣಗಿದ್ದವು ಎಂಬುದು ನನ್ನ ಗಮನಕ್ಕೇ ಬರಲಿಲ್ಲ. ದ್ರಾವಣವನ್ನು ಹೊರಗೆ ಬಗ್ಗಿಸುವಾಗ ಅಳೆದಿದ್ದರೆ ಅಂದೇ ತಿಳಿಯುತ್ತಿತ್ತು. ಬೇರೊಂದು ಚಳಿಗಾಲದ ಬೆಳಿಗ್ಗೆ ಬರಿಯ ನೀರಿನಲ್ಲಿ ಅದೇ ಕ್ರಮವನ್ನು ಮಾಡಿ ನೋಡಿದಾಗ 38ರಲ್ಲಿ ಒಳಹೋದದ್ದು ಆರೂವರೆ ನಿಮಿಷದ ಕೊನೆಗೆ 34ಕ್ಕೆ ಇಳಿದಿತ್ತು.

ಟ್ಯಾಂಕಿನಿಂದ ಹೊರಬಂದ ಸ್ಲೈಡ್ ಫಿಲ್ಮ್ ಒದ್ದೆಯಾಗಿರುವಾಗ ಹಾಲು ಬೆರೆತಂತೆ ಮಂಕಾಗಿರುತ್ತದೆ, ಒಣಗುತ್ತ ತಿಳಿಯಾಗುತ್ತದೆ. ಅದು ಗೊತ್ತಿದ್ದುದರಿಂದ ಕತ್ತಲು ಕಂಡರೂ ಕಾದೆ. ಒಣಗಿದ ಮೇಲೂ ಕತ್ತಲು ಕತ್ತಲಾಗಿಯೇ ಉಳಿಯಿತು. ಆಗ ನಾನು ಮಾಡಿದ ಎರಡನೆಯ ತಪ್ಪನ್ನೇ ನಾನು ಹೆಚ್ಚು ಯೋಚಿಸಿರುವುದು. ಇಪ್ಪತ್ತು ವರ್ಷಗಳ ಅಭ್ಯಾಸ ನನ್ನ ಕೈಗೆ ಕಲಿಸಿದ್ದು ಇಷ್ಟು: ಫಿಲ್ಮ್ ದಟ್ಟವಾಗಿ ಬಂದರೆ ಡೆವಲಪರಿನಲ್ಲಿ ಹೆಚ್ಚು ಹೊತ್ತು ಇತ್ತು, ತೆಳುವಾಗಿ ಬಂದರೆ ಕಡಿಮೆ ಹೊತ್ತು ಇತ್ತು. ಕಪ್ಪುಬಿಳುಪು ನೆಗೆಟಿವ್ ತೊಳೆಯುವ ಯಾರಾದರೂ ನಿದ್ದೆಗಣ್ಣಿನಲ್ಲಿಯೂ ಹೇಳುವ ಮಾತಿದು. ಮೊದಲ ರೋಲು ದಟ್ಟವಾಗಿತ್ತು, ಆದ್ದರಿಂದ ಅದು ಅತಿಯಾಯಿತು ಎಂದು ತೀರ್ಮಾನಿಸಿ, ಮರುದಿನ ಎರಡನೆಯ ರೋಲಿಗೆ ಮೊದಲ ಡೆವಲಪರಿನ ಸಮಯವನ್ನು ಐದು ನಿಮಿಷಕ್ಕೆ ಇಳಿಸಿದೆ. ಆ ರೋಲಿನಲ್ಲಿ ಹಂಡೆಯ ಕೆಳಗಿನ ಬೆಂಕಿ ಮತ್ತು ಒಂದೆರಡು ಕಡೆ ಆಕಾಶ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಕಿಟಕಿಯಲ್ಲಿರುವ ಪಟ್ಟಿ ಮೊದಲ ರೋಲಿನದು. ಎರಡನೆಯದನ್ನು ಕಿಟಕಿಗೆ ಅಂಟಿಸಿದರೂ ಪ್ರಯೋಜನವಿಲ್ಲ.

ಒಂದು ರೋಲಿನ ಬೆಲೆ ಈಗ ಎರಡು ಸಾವಿರ ರೂಪಾಯಿಯನ್ನು ದಾಟಿದೆ. ಆದರೆ ನನ್ನನ್ನು ಕಾಡಿದ್ದು ಹಣವಲ್ಲ. ಸರಿಪಡಿಸಲು ಹೋದ ಕೈಯೇ ಇನ್ನಷ್ಟು ಕೆಡಿಸಿತಲ್ಲ, ಅದು. ಗೊತ್ತಿಲ್ಲದೆ ಮಾಡಿದ ತಪ್ಪಿಗಿಂತ ಗೊತ್ತಿದೆಯೆಂದು ಮಾಡಿದ ತಪ್ಪು ಬಹಳ ಕಾಲ ಮನಸ್ಸಿನಲ್ಲಿ ನಿಲ್ಲುತ್ತದೆ.

ಅಡಿಕೆಯ ಕೆಂಪು ಎಲ್ಲಿಂದ ಬಂತು

ಸ್ಲೈಡ್ ಫಿಲ್ಮಿನಲ್ಲಿ ಬೆಳಕಿಗೆ ಸ್ಪಂದಿಸುವ ಪದರಗಳು ಮೂರು. ಮೇಲಿನದು ನೀಲಿ ಬೆಳಕಿಗೆ, ನಡುವಿನದು ಹಸಿರಿಗೆ, ತಳದ್ದು ಕೆಂಪಿಗೆ. ಮೂರರಲ್ಲಿಯೂ ಬೆಳ್ಳಿಯ ಲವಣದ ಕಣಗಳಿವೆ, ಜೊತೆಯಲ್ಲಿ ಮುಂದೆ ಬಣ್ಣವಾಗಬಲ್ಲ ವಸ್ತು ಕಾದು ಕುಳಿತಿದೆ: ಮೇಲಿನದರಲ್ಲಿ ಹಳದಿ, ನಡುವಿನದರಲ್ಲಿ ಮಜೆಂಟಾ ಎಂಬ ನೇರಳೆಗೆಂಪು, ತಳದ್ದರಲ್ಲಿ ಸಯಾನ್ ಎಂಬ ಹಸಿರುನೀಲಿ. ಮೊದಲ ಡೆವಲಪರ್ ಎಂಬುದು ಹೆಸರು ಬದಲಿಸಿಕೊಂಡ ಕಪ್ಪುಬಿಳುಪು ಡೆವಲಪರೇ. ಬೆಳಕು ಎಲ್ಲೆಲ್ಲಿ ಬಿದ್ದಿತ್ತೋ ಅಲ್ಲಲ್ಲಿನ ಕಣಗಳನ್ನು ಅದು ಕಪ್ಪು ಬೆಳ್ಳಿಯಾಗಿ ಮಾಡುತ್ತದೆ. ಮೂರು ಪದರಗಳಲ್ಲಿಯೂ ಒಂದೊಂದು ನೆಗೆಟಿವ್ ಮೂಡುತ್ತದೆ. ಬಣ್ಣ ಇನ್ನೂ ಎಲ್ಲಿಯೂ ಇಲ್ಲ. ಈ ನೆಗೆಟಿವನ್ನು ಯಾರೂ ನೋಡುವುದಿಲ್ಲ, ಕೊನೆಗೆ ಅದು ಪೂರ್ತಿ ಕರಗಿ ಹೋಗುತ್ತದೆ. ಬೆಳಕು ಮುಟ್ಟದೆ ಬಿಟ್ಟ ಕಣಗಳು ಹಾಗೆಯೇ ಉಳಿದಿರುತ್ತವಲ್ಲ, ಮುಂದಿನ ಕತೆಯೆಲ್ಲ ಅವುಗಳದು. ಆ ಉಳಿದ ಕಣಗಳನ್ನು ರಾಸಾಯನಿಕದಿಂದಲೇ ಬೆಳಕು ಕಂಡವುಗಳಂತೆ ಮಾಡಿ, ಬಣ್ಣದ ಡೆವಲಪರಿನಲ್ಲಿ ಬೆಳೆಸುತ್ತಾರೆ. ಅವು ಬೆಳ್ಳಿಯಾಗುತ್ತಿರುವಂತೆ ಪಕ್ಕದಲ್ಲಿ ಕಾದಿದ್ದ ವಸ್ತು ಬಣ್ಣವಾಗುತ್ತದೆ. ಕೊನೆಯಲ್ಲಿ ಬ್ಲಿಕ್ಸ್ ಬಂದು ಮೊದಲು ಮೂಡಿದ ಬೆಳ್ಳಿ, ಆಮೇಲೆ ಮೂಡಿದ ಬೆಳ್ಳಿ ಎರಡನ್ನೂ ತೆಗೆದುಹಾಕುತ್ತದೆ. ಫಿಲ್ಮಿನಲ್ಲಿ ಬಣ್ಣ ಮಾತ್ರ ನಿಲ್ಲುತ್ತದೆ.

ಇದನ್ನು ಅಡಿಕೆಗೆ ಅನ್ವಯಿಸಿ ನೋಡಿದಾಗ ನನಗೆ ಮೊದಲ ಸಲ ಅರ್ಥವಾಯಿತು. ಬೆಂದ ಅಡಿಕೆಯಿಂದ ಬಂದ ಕೆಂಪು ಬೆಳಕು ತಳದ ಪದರವನ್ನು ಮುಟ್ಟಿತು, ಅಲ್ಲಿನ ಕಣಗಳು ಮೊದಲ ಡೆವಲಪರಿನಲ್ಲಿ ಖರ್ಚಾದವು, ಸಯಾನ್ ಹುಟ್ಟಲು ಅಲ್ಲಿ ಏನೂ ಉಳಿಯಲಿಲ್ಲ. ಮೇಲಿನ ಎರಡು ಪದರಗಳನ್ನು ಆ ಬೆಳಕು ಹೆಚ್ಚು ಮುಟ್ಟಲಿಲ್ಲ, ಆದ್ದರಿಂದ ಅಲ್ಲಿ ಹಳದಿಯೂ ಮಜೆಂಟಾ ಕೂಡ ಹುಟ್ಟಿದವು. ಹಳದಿ ನೀಲಿಯನ್ನು ತಡೆಯುತ್ತದೆ, ಮಜೆಂಟಾ ಹಸಿರನ್ನು ತಡೆಯುತ್ತದೆ. ಕೆಂಪನ್ನು ತಡೆಯುವವರಿಲ್ಲ, ಕೆಂಪು ದಾಟಿ ಬರುತ್ತದೆ. ಮೂರು ಪದರಗಳನ್ನು ಬಿಡಿಸಿ ಹುಡುಕಿದರೂ ಒಂದರಲ್ಲಿಯೂ ಕೆಂಪು ಎಂಬ ಬಣ್ಣ ಸಿಗುವುದಿಲ್ಲ. ಬಿಳಿಯ ಮೋಡವಿರುವಲ್ಲಂತೂ ಮೂರು ಪದರಗಳ ಕಣಗಳೂ ಖರ್ಚಾಗಿ ಬರಿಯ ಫಿಲ್ಮ್ ಇರುತ್ತದೆ. ನಾವು ಚಿತ್ರವೆಂದು ನೋಡುವುದು ಬೆಳಕು ಮುಟ್ಟಿದ್ದನ್ನಲ್ಲ, ಮುಟ್ಟದೆ ಉಳಿಸಿದ್ದನ್ನು.

ಹೀಗಿರುವಾಗ ಮೊದಲ ಡೆವಲಪರ್ ತಣ್ಣಗಾದರೆ ಅಥವಾ ಬೇಗ ಹೊರಗೆ ಬಂದರೆ ಏನಾಗುತ್ತದೆ? ಬೆಳಕಿಗೆ ಸಲ್ಲಬೇಕಾದ ಪಾಲು ಪೂರ್ತಿಯಾಗಿ ಸಲ್ಲುವುದಿಲ್ಲ. ಖರ್ಚಾಗಬೇಕಿದ್ದ ಕಣಗಳು ಉಳಿದುಬಿಡುತ್ತವೆ, ಉಳಿದದ್ದೆಲ್ಲ ಬಣ್ಣವಾಗುತ್ತದೆ, ಮೂರು ಬಣ್ಣಗಳೂ ಎಲ್ಲ ಕಡೆ ತುಂಬಿದರೆ ಕತ್ತಲಾಗುತ್ತದೆ. ನನ್ನ ಅಂಗಳದ ಬಿಸಿಲು ಫಿಲ್ಮಿನ ಮೇಲೆ ಬಿದ್ದದ್ದು ನಿಜ. ಆ ಬಿಸಿಲಿನ ಲೆಕ್ಕವನ್ನು ಚುಕ್ತಾ ಮಾಡದೆ ನಾನು ಮುಂದಿನ ಬಾಟಲಿಗೆ ಹೋದೆ. ಎರಡನೆಯ ರೋಲಿನಲ್ಲಿ ಇನ್ನೂ ಒಂದೂವರೆ ನಿಮಿಷ ಕಡಿಮೆ ಸಲ್ಲಿಸಿದೆ. ಲ್ಯಾಬಿನವರು ಕಡಿಮೆ ಬೆಳಕಿನಲ್ಲಿ ತೆಗೆದ ಸ್ಲೈಡನ್ನು ಒಂದು ಸ್ಟಾಪ್, ಎಂದರೆ ಬೆಳಕು ಎರಡರಷ್ಟಾದಂತೆ, ಮೇಲೆತ್ತಬೇಕಾದಾಗ ಮೊದಲ ಡೆವಲಪರಿನ ಆರು ನಿಮಿಷವನ್ನು ಎಂಟಕ್ಕೆ ಏರಿಸುತ್ತಾರೆ ಎಂಬುದನ್ನು ನಾನು ಎಷ್ಟೋ ವರ್ಷಗಳಿಂದ ಕೇಳಿದ್ದೆ, ಒಂದೆರಡು ಸಲ ಹಾಗೆ ಮಾಡಿಸಿಯೂ ಇದ್ದೆ. ಆ ತಿಳಿವಳಿಕೆ ನಾಲಗೆಯ ಮೇಲಿತ್ತು, ಕೈಗೆ ಇಳಿದಿರಲಿಲ್ಲ.

ಮನೆಯಲ್ಲಿ ಇ-6 ತೊಳೆಯುವುದು ಬಹಳ ಸುಲಭ, ಯಾರೂ ಹೆದರಬೇಕಿಲ್ಲ ಎಂದು ಈಚೆಗೆ ಉತ್ಸಾಹದಿಂದ ಹೇಳುವವರಿದ್ದಾರೆ. ಅವರ ಉತ್ಸಾಹ ಒಳ್ಳೆಯದೇ, ಆದರೆ ಆ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸುರಿಯುವುದು, ಮಗುಚುವುದು, ಬಗ್ಗಿಸುವುದು ಸುಲಭ. ನೆಗೆಟಿವ್ ಫಿಲ್ಮಿನಲ್ಲಿ ಹೆಚ್ಚುಕಡಿಮೆಯಾದದ್ದನ್ನು ಪ್ರಿಂಟ್ ಹಾಕುವಾಗ ಬಹಳ ಮಟ್ಟಿಗೆ ಸರಿದೂಗಿಸಬಹುದು. ಸ್ಲೈಡಿಗೆ ಆ ಎರಡನೆಯ ಅವಕಾಶವಿಲ್ಲ. ಕ್ಯಾಮೆರಾದಲ್ಲಿ ಅರ್ಧ ಸ್ಟಾಪ್ ತಪ್ಪಿದರೂ ಕಣ್ಣಿಗೆ ಕಾಣುವ ಫಿಲ್ಮ್ ಇದು. ಇಂಥದ್ದನ್ನು ತೊಳೆಯುವವನು ಭಯವನ್ನಲ್ಲದಿದ್ದರೂ ಎಚ್ಚರವನ್ನು ಇಟ್ಟುಕೊಳ್ಳಲೇಬೇಕು.

ಪಂಚೆಯ ಮೇಲಿನ ಮಿಂಚುಳ್ಳಿ

ಇಷ್ಟು ತೊಂದರೆಯಿದ್ದೂ ಸ್ಲೈಡನ್ನೇ ಯಾಕೆ ಹಿಡಿದುಕೊಳ್ಳಬೇಕು ಎಂದು ಮನೆಯವರು ಕೇಳಿದಾಗ ನಾನು ಹೇಳುವುದು ಹೈಸ್ಕೂಲಿನ ಒಂದು ಸಂಜೆಯನ್ನು. ಅಕ್ಟೋಬರ್ ಮೊದಲ ವಾರದ ವನ್ಯಜೀವಿ ಸಪ್ತಾಹಕ್ಕೆ ಬೆಂಗಳೂರಿನಿಂದ ಒಬ್ಬ ಫೋಟೊಗ್ರಾಫರು ನಮ್ಮ ಶಾಲೆಗೆ ಬಂದಿದ್ದರು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥ ಹಿರಿಯರು ಬೆಂಗಳೂರಿನಲ್ಲಿ ಬೆಳೆಸಿದ ವನ್ಯಜೀವಿ ಛಾಯಾಗ್ರಹಣದ ಗಾಳಿ ಆಗ ಊರೂರಿಗೂ ಬೀಸುತ್ತಿತ್ತು. ಪತ್ರಿಕೆಗಳು ಬಣ್ಣದ ಚಿತ್ರವೆಂದರೆ ಸ್ಲೈಡನ್ನೇ ಕೇಳುತ್ತಿದ್ದ ಕಾಲ ಅದು. ತರಗತಿಯ ಕಿಟಕಿಗಳಿಗೆ ಗೋಣಿಚೀಲ ಕಟ್ಟಿದರು, ಹೆಡ್ಮಾಸ್ತರರ ಮನೆಯಿಂದ ತಂದ ಬಿಳಿಯ ಪಂಚೆಯನ್ನು ಗೋಡೆಗೆ ಮೊಳೆ ಹೊಡೆದು ಬಿಗಿದರು. ಪ್ರೊಜೆಕ್ಟರಿನ ಫ್ಯಾನು ಗುಂಯ್‌ಗುಟ್ಟಿತು, ಬಿಸಿಯಾದ ಧೂಳಿನ ವಾಸನೆ ಬಂತು, ಖಟ್ ಎಂದು ಒಂದು ಸದ್ದಾಯಿತು, ಪಂಚೆಯ ಮೇಲೆ ಮಿಂಚುಳ್ಳಿ ಬಂದು ಕುಳಿತಿತು. ಆ ನೀಲಿಯನ್ನು ನಾನು ಆವರೆಗೆ ಕಾಗದದ ಮೇಲೆ ಕಂಡಿರಲಿಲ್ಲ. ತುಂಗೆಯ ದಂಡೆಯಲ್ಲಿ ಹಕ್ಕಿ ಎದ್ದು ಹಾರುವಾಗ ಕ್ಷಣಮಾತ್ರ ಕಾಣುತ್ತಿದ್ದ ನೀಲಿ ಅದೇ, ಅಲುಗದೆ ನಿಂತಿತ್ತು.

ಎಲ್ಲರೂ ಹೊರಟ ಮೇಲೆ ಪೆಟ್ಟಿಗೆ ಹೊರುವ ನೆಪದಲ್ಲಿ ನಾನು ಉಳಿದುಕೊಂಡೆ. ಅವರು ಮಿಂಚುಳ್ಳಿಯ ಸ್ಲೈಡನ್ನು ತೆಗೆದು, ಅಂಚನ್ನು ಮಾತ್ರ ಹಿಡಿಯಬೇಕೆಂದು ತೋರಿಸಿ, ನನ್ನ ಕೈಗೆ ಕೊಟ್ಟರು. ಎರಡು ಬೆರಳುಗಳ ನಡುವೆ ಹಿಡಿಯುವಷ್ಟು ಚಿಕ್ಕ ಚೌಕಟ್ಟು, ಅದರೊಳಗೆ 36 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಎತ್ತರದ ಫಿಲ್ಮ್. "ಆವತ್ತು ಹಕ್ಕಿ ಎದುರಿಗೆ ಕೂತಿದ್ದಾಗ ಕ್ಯಾಮೆರಾ ಒಳಗೆ ಇದ್ದದ್ದು ಇದೇ ತುಂಡು, ಇದರ ನಕಲು ಅಲ್ಲ" ಎಂದರು. ಬಲ್ಬಿನ ಕೆಳಗೆ ಹಿಡಿದು ನೋಡಿದೆ. ಹಕ್ಕಿಯ ಮೈಯಿಂದ ಹೊರಟ ಬೆಳಕು ತಾಗಿದ ವಸ್ತುವೇ ನನ್ನ ಬೆರಳಲ್ಲಿ ಇದೆ ಎಂಬ ಆ ಮಾತು ಹದಿನಾಲ್ಕು ವರ್ಷದ ಹುಡುಗನಿಗೆ ಎಷ್ಟು ದೊಡ್ಡದಾಗಿ ಕಂಡಿತೋ ಇಂದಿಗೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಕೆಟ್ಟುಹೋದ ನನ್ನ ಪಟ್ಟಿಯನ್ನು ಎಸೆಯಲು ಮನಸ್ಸಾಗದ್ದಕ್ಕೂ ಇದೇ ಕಾರಣ. ಕತ್ತಲೇ ತುಂಬಿದ್ದರೂ ಆ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಇದ್ದ ತುಂಡು ಅದು.

ಬಚ್ಚಲುಮನೆ

ಮುಂದಿನ ಕೊಯ್ಲಿಗೆ, ಕಳೆದ ಡಿಸೆಂಬರಿನಲ್ಲಿ, ಹೊಸ ಕಿಟ್ಟನ್ನು ಊರಿಗೇ ಹೊತ್ತುಕೊಂಡು ಹೋದೆ. ಬೆಂಗಳೂರಿನಲ್ಲಿ ಆ ವೇಳೆಗೆ ಆರೇಳು ಚೌಕಗಳ ತುಂಡುಗಳನ್ನು ಕತ್ತರಿಸಿ ತೊಳೆದು ಕೈ ಪಳಗಿಸಿಕೊಂಡಿದ್ದೆ. ಮೂಲಮನೆಯ ಬಚ್ಚಲನ್ನು ಆರಿಸಿಕೊಳ್ಳಲು ನಿಜವಾದ ಕಾರಣಗಳಿದ್ದವು. ನಮ್ಮ ಬೆಂಗಳೂರಿನ ಬೋರ್‌ವೆಲ್ ನೀರು ಒಣಗಿದ ಫಿಲ್ಮಿನ ಮೇಲೆ ಬಿಳಿಯ ಕಲೆ ಬಿಡುತ್ತದೆ, ಕೊನೆಯ ಜಾಲಿಸುವಿಕೆಗೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರನ್ನು ಕೊಂಡು ತರಬೇಕಾಗುತ್ತದೆ. ಊರಿನ ಬಾವಿಯ ನೀರು ಮೆದು. ಎರಡನೆಯದಾಗಿ, ಮಲೆನಾಡಿನ ಬಚ್ಚಲಿನ ಹಂಡೆಯಷ್ಟು ನೀರನ್ನು, ಅದರಷ್ಟು ಹೊತ್ತು, ಕೆಂಡದ ಬಲದಿಂದ ಬೆಚ್ಚಗಿಡುವ ಸಾಧನ ನನ್ನ ಮನೆಯಲ್ಲಿಲ್ಲ. ಈಗ 38 ಡಿಗ್ರಿಯಲ್ಲೇ ನೀರನ್ನು ತಿರುಗಿಸುತ್ತಿರುವ ವಿದ್ಯುತ್ ಉಪಕರಣಗಳು ಬಂದಿವೆ, ಅನುಕೂಲವಿದ್ದವರು ಅದನ್ನು ಕೊಳ್ಳುವುದೇ ಒಳ್ಳೆಯದು. ಆದರೆ ಕೊಯ್ಲಿನ ದಿನಗಳಲ್ಲಿ ನಮ್ಮೂರಿನ ಕರೆಂಟನ್ನು ನಂಬಿ ಯಾರೂ ರೋಲನ್ನು ಟ್ಯಾಂಕಿಗೆ ಹಾಕಲಾರರು.

ದೊಡ್ಡ ಟಬ್ಬಿಗೆ ಹಂಡೆಯ ಬಿಸಿನೀರು, ಬಾನಿಯ ತಣ್ಣೀರು ಬೆರೆಸುತ್ತಿದ್ದಾಗ ಚಿಕ್ಕಮ್ಮ ಬಂದು ಬಾಗಿಲಲ್ಲಿ ನಿಂತರು. ಅವರು ನಮ್ಮ ಮನೆಯ ಮತ್ತು ನೆರೆಯ ಎಷ್ಟೋ ಮನೆಗಳ ಎಳೆಕೂಸುಗಳನ್ನು ಮೀಯಿಸಿದವರು. "ಎಷ್ಟು ಬಿಸಿ ಬೇಕು ಅಪ್ಪಿ?" ಎಂದರು. ಕೂಸಿಗೆ ಹಾಕುವಷ್ಟು ಎಂದೆ. ಅವರು ಸೆರಗು ಸಿಕ್ಕಿಸಿ, ಮೊಣಕೈಯನ್ನು ನೀರಿಗೆ ಅದ್ದಿ, ಒಂದು ಚೊಂಬು ತಣ್ಣೀರು ಹೊಯ್ದು, ಮತ್ತೆ ಅದ್ದಿ, "ಹದ ಆಯ್ತು" ಎಂದರು. ಥರ್ಮಾಮೀಟರನ್ನು ಇಳಿಸಿದೆ: 39. ಅಳತೆಯ ಕಡ್ಡಿಯಿಲ್ಲದೆ ಒಂದೇ ಡಿಗ್ರಿಯ ಹತ್ತಿರಕ್ಕೆ ಬಂದ ಆ ಮೊಣಕೈಯನ್ನು ನೋಡಿ ನನಗೆ ಮಾತು ಹೊರಡಲಿಲ್ಲ. ಕೂಸಿಗೆ ಆ ಒಂದು ಡಿಗ್ರಿ ಲೆಕ್ಕಕ್ಕಿಲ್ಲ. ಮೊದಲ ಡೆವಲಪರಿಗಾದರೋ ಅರ್ಧ ಡಿಗ್ರಿಯನ್ನೂ ಬಿಟ್ಟುಕೊಡುವಂತಿಲ್ಲ. ಮುಂದಿನ ದ್ರಾವಣಗಳು ಅಷ್ಟು ನಿಷ್ಠುರವಲ್ಲ. ಇನ್ನರ್ಧ ಚೊಂಬು ತಣ್ಣೀರು ಹೊಯ್ದು ಕಡ್ಡಿ 38ರಲ್ಲಿ ನಿಲ್ಲುವವರೆಗೆ ಕಾದೆ. ಟ್ಯಾಂಕನ್ನೂ ಆ ನೀರಿನಲ್ಲೇ ಮುಳುಗಿಸಿ, ಅದರೊಳಕ್ಕೂ 38ರ ನೀರು ತುಂಬಿ ಐದು ನಿಮಿಷ ಇಟ್ಟೆ. ಟ್ಯಾಂಕು, ಸುರುಳಿ, ಫಿಲ್ಮ್ ಎಲ್ಲವೂ ಬೆಚ್ಚಗಾದ ಮೇಲೆ ಆ ನೀರನ್ನು ಬಗ್ಗಿಸಿ ಡೆವಲಪರ್ ಸುರಿದೆ. ಮಗುಚುವಾಗಲಷ್ಟೇ ಟ್ಯಾಂಕು ನೀರಿನಿಂದ ಮೇಲೆ ಬರುತ್ತಿತ್ತು.

ಚಿಕ್ಕಮ್ಮ ಮೆಟ್ಟಿಲ ಮೇಲೆ ಕುಳಿತು ಎಲ್ಲವನ್ನೂ ನೋಡುತ್ತಿದ್ದರು. ಒಂದೇ ಡೆವಲಪರಿನಲ್ಲಿ ಎಷ್ಟು ಫಿಲ್ಮ್ ತೊಳೆಯಬಹುದು ಎಂದು ಕೇಳಿದರು. ಪ್ರತಿ ರೋಲಿಗೂ ಅದರ ಸತ್ವ ಇಳಿಯುತ್ತ ಹೋಗುತ್ತದೆ, ಹಾಗಾಗಿ ಮುಂದಿನ ರೋಲಿಗೆ ಹೊತ್ತನ್ನು ಹೆಚ್ಚಿಸುತ್ತ ಹೋಗಬೇಕು, ಕೆಲವಾದ ಮೇಲೆ ಚೆಲ್ಲಬೇಕು ಎಂದೆ. "ಚೊಗರಿಗೆ ತಿರುಗುಮುರುಗು" ಎಂದರು ಅವರು. ನಾನು ಟ್ಯಾಂಕು ಮಗುಚುತ್ತಲೇ ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ. ಸುಲಿದ ಹಸಿ ಅಡಿಕೆಯನ್ನು ಬೇಯಿಸಿದ ನೀರು ಒಂದೊಂದು ಹಂಡೆಯಾದಂತೆ ದಟ್ಟವಾಗುತ್ತ ಹೋಗಿ ಚೊಗರಾಗುತ್ತದೆ. ಮುಂದಿನ ಅಡಿಕೆಗೆ ಕೆಂಪು ಕೊಡುವುದು ಹಿಂದಿನ ಅಡಿಕೆ ಬಿಟ್ಟ ಈ ರಸವೇ. ಚೆನ್ನಾದ ಚೊಗರನ್ನು ಮುಂದಿನ ವರ್ಷಕ್ಕೂ ಎತ್ತಿಡುತ್ತಾರೆ. ಡೆವಲಪರ್ ಕೊಟ್ಟು ಕೊಟ್ಟು ಬರಿದಾಗುತ್ತದೆ, ಚೊಗರು ಪಡೆದು ಪಡೆದು ಗಟ್ಟಿಯಾಗುತ್ತದೆ. ಎರಡರಲ್ಲಿಯೂ ಎಷ್ಟನೆಯ ಸರದಿ ಎಂಬುದನ್ನು ಲೆಕ್ಕವಿಟ್ಟವನಿಗೆ ಮಾತ್ರ ಹದ ಸಿಗುತ್ತದೆ.

ಬ್ಲಿಕ್ಸ್ ಹೊರಬಂದಾಗ ಅವರು ಎದ್ದು ನಿಂತರು. "ಇದನ್ನ ಇಲ್ಲಿ ಚೆಲ್ಲಬೇಡ. ಬಚ್ಚಲ ನೀರು ಬಾಳೆ ಬುಡಕ್ಕೆ ಹೋಗ್ತದೆ, ಗೊತ್ತುಂಟಲ್ಲ?" ಗೊತ್ತಿತ್ತು. ಬಳಸಿದ ಬ್ಲಿಕ್ಸಿನಲ್ಲಿ ಫಿಲ್ಮಿನಿಂದ ಕರಗಿದ ಬೆಳ್ಳಿಯೆಲ್ಲ ಇರುತ್ತದೆ, ಅದು ನೀರಿನ ಜೀವಿಗಳಿಗೆ ವಿಷ. ಮೂರು ದ್ರಾವಣಗಳನ್ನೂ ತುಂಬಿಕೊಂಡು ಹೋಗಲು ಕ್ಯಾನುಗಳನ್ನು ತಂದಿದ್ದೆ. ಎಕ್ಸ್‌ರೇ ಕೇಂದ್ರಗಳಿಂದ ಹಳೆಯ ಹೈಪೋ, ಎಂದರೆ ಬಳಸಿದ ಫಿಕ್ಸರ್, ಕೊಂಡು ಬೆಳ್ಳಿ ತೆಗೆಯುವವರು ಪಟ್ಟಣಗಳಲ್ಲಿ ಇದ್ದಾರೆ. ನನ್ನ ಬ್ಲಿಕ್ಸ್ ಈಗ ಅಂಥ ಒಬ್ಬರಿಗೆ ಹೋಗುತ್ತದೆ. ಬಣ್ಣದ ಡೆವಲಪರ್ ಕೈಗೆ ತಾಗಿದರೆ ಕೆಲವರಿಗೆ ಚರ್ಮ ಕೆರಳುವುದರಿಂದ ಕೈಗವಸನ್ನು ಮರೆಯಬಾರದು ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಫಿಲ್ಮನ್ನು ಬಚ್ಚಲಿನ ತೊಲೆಗೆ ತೂಗುಹಾಕಿದೆವು. ಹಂಡೆಯ ಹಬೆ ಧೂಳನ್ನು ತಗ್ಗಿಸಿತ್ತು. ಹಾಲಿನಂಥ ಮಂಕು ಮೇಲಿನ ಅಂಚಿನಿಂದ ಕೆಳಕ್ಕೆ ಸರಿಯುತ್ತ ಚೌಕಗಳು ಒಂದೊಂದಾಗಿ ತಿಳಿಯಾಗುವುದನ್ನು ನಾನು ಊಟಕ್ಕೂ ಏಳದೆ ನೋಡಿದೆ. ಆಕಾಶವಿರುವಲ್ಲಿ ಆಕಾಶವಿತ್ತು. ಮಧ್ಯಾಹ್ನ ಆರಾರು ಚೌಕಗಳ ಪಟ್ಟಿಗಳಾಗಿ ಕತ್ತರಿಸಿ, ನಡುಮನೆಯ ಮಾಡಿನ ಗಾಜಿನ ಹಂಚಿನಿಂದ ಬಿಸಿಲ ಕೋಲು ಬೀಳುವ ಕಡೆಗೆ ಒಯ್ದೆವು. ಚಿಕ್ಕಮ್ಮ ಕನ್ನಡಕ ಹಾಕಿಕೊಂಡು, ನಾನು ತೋರಿಸಿದಂತೆ ಅಂಚನ್ನು ಮಾತ್ರ ಹಿಡಿದು, ಪಟ್ಟಿಯನ್ನು ಬೆಳಕಿಗೆ ಎತ್ತಿದರು. ತಮ್ಮ ಮುಖ ಇರುವ ಚೌಕವನ್ನು ದಾಟಿ ಮುಂದಕ್ಕೆ ಹೋದರು. ಚಾಪೆಯ ಮೇಲೆ ಹರವಿದ ಅಡಿಕೆಯ ಚೌಕದ ಮೇಲೆ ಅವರ ಕಣ್ಣು ನಿಂತಿತು.

"ಇದು ಮೊದಲನೇ ಹಂಡೆದು ಅಪ್ಪಿ. ಹಳೇ ಚೊಗರು ಸಾಲ್ಲಿಲ್ಲ ಅಂದಿದ್ನಲ್ಲ, ನೋಡು, ಬಣ್ಣ ಹತ್ತಿದ್ದು ಕಮ್ಮಿ." ಇನ್ನೊಂದು ಪಟ್ಟಿಯನ್ನು ಎತ್ತಿ ಹಿಡಿದರು. "ಇದು ಮೂರನೇದೋ ನಾಕನೇದೋ. ಇದು ಸರಿ ಉಂಟು."

ನಾನು ಜೇಬಿನಿಂದ ಟಿಪ್ಪಣಿ ಪುಸ್ತಕ ತೆಗೆದು ನೋಡಿದೆ. ಚೌಕ 7ರಿಂದ 12, ಮೊದಲ ಹಂಡೆ, ಬೆಳಿಗ್ಗೆ ಹತ್ತೂವರೆ ಎಂದು ಬರೆದಿತ್ತು. 25ರಿಂದ 30, ಮರುದಿನದ ನಾಲ್ಕನೆಯ ಹಂಡೆ. ಚಿಕ್ಕಮ್ಮ ಅಷ್ಟರಲ್ಲಿ ಮುಂದಿನ ಪಟ್ಟಿಗೆ ಕೈ ಚಾಚಿದ್ದರು.